ಉರಿಯದ ಬಟ್ಟೆ ಯಾರ ಪಾಲಿಗೆ?

ಗಣೇಶ ಚತುರ್ಥಿ ಹತ್ತಿರವಾದಂತೆ ಮುಂಬಯಿಯ ದಾದರಿನ ಗಲ್ಲಿಗಳಲ್ಲಿ ಪೆಂಡಾಲುಗಳಿಗಾಗಿ ಬಿದಿರ ಗಳಗಳೂ ಬಟ್ಟೆಯ ಥಾನುಗಳೂ ಬಂದಿಳಿಯುತ್ತವೆ. ಇಂಥ ಪೆಂಡಾಲುಗಳ ಬಟ್ಟೆಯನ್ನು ಕಟ್ಟುವ ಮೊದಲು ಒಂದು ದ್ರಾವಣದಲ್ಲಿ ಅದ್ದಿ ಒಣಗಿಸಬೇಕೆಂದು ನಮ್ಮ ಅಗ್ನಿಶಾಮಕ ಇಲಾಖೆಗಳು ಸೂಚಿಸುತ್ತವೆ. ಅದರ ಪಾಕ ತೂಕದ ಲೆಕ್ಕದಲ್ಲಿ ಹೀಗಿದೆ: ಅಮೋನಿಯಂ ಸಲ್ಫೇಟ್ 4 ಪಾಲು, ಅಮೋನಿಯಂ ಕಾರ್ಬೊನೇಟ್ 2, ಪಟಿಕ 2, ಬಿಳಿಗಾರ 1, ಬೋರಿಕ್ ಆಮ್ಲ 1, ನೀರು 35. ಗೊಬ್ಬರದ ಅಂಗಡಿಯಲ್ಲೂ ಗ್ರಂಥಿಗೆ ಅಂಗಡಿಯಲ್ಲೂ ಬಹುಪಾಲು ಸಿಕ್ಕಿಬಿಡುವ ಸರಕು ಇದು. ವಿಕ್ಟೋರಿಯಾ ರಾಣಿಯ ಕಾಲದ ರಸಾಯನಶಾಸ್ತ್ರಜ್ಞನೊಬ್ಬ ಈ ಪಟ್ಟಿ ನೋಡಿದ್ದರೆ ಇದರಲ್ಲಿ ಅವನಿಗೆ ಹೊಸದೆಂಬುದು ಏನೂ ಇರುತ್ತಿರಲಿಲ್ಲ.

ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ವಿದ್ಯೆ ಅಷ್ಟು ಹಳೆಯದು. 1860ರ ಹೊತ್ತಿಗೆ ಅದರ ಮೂಲತತ್ವಗಳೆಲ್ಲ ಗೊತ್ತಿದ್ದವು. ಹಾಗಿದ್ದೂ ಅದು ಜನರ ಮೈಮೇಲಿನ ಉಡುಪಿಗೆ ಯಾಕೆ ಇಳಿದು ಬರಲಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ನಾಟಕಶಾಲೆಯ ಪರದೆಗೆ, ಡೇರೆಗೆ, ಗಿರಣಿಯ ಗೋದಾಮಿಗೆ ಸಿಕ್ಕ ರಕ್ಷಣೆ ಒಲೆಯ ಮುಂದೆ ನಿಂತ ಹೆಂಗಸಿಗೆ ಸಿಗಲಿಲ್ಲ. ಲಂಡನ್ನಿನಲ್ಲಿ ಹೀಗಾಯಿತು. ನೂಲು, ನೇಯ್ಗೆ, ಬಣ್ಣಗಳ ನಡುವೆ ಬೆಳೆದ ದಾದರಿನಲ್ಲೂ ಹೀಗೇ ಆಯಿತು.

ಮೊದಲು ಬಟ್ಟೆ ಉರಿಯುವ ಬಗೆಯನ್ನು ನೋಡೋಣ. ಹತ್ತಿಯ ಎಳೆ ನೇರವಾಗಿ ಉರಿಯುವುದಿಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಸೆಲ್ಯುಲೋಸ್ ಒಡೆದು ಹೊತ್ತಿಕೊಳ್ಳುವ ಆವಿಗಳನ್ನು ಬಿಡುತ್ತದೆ, ಜ್ವಾಲೆಯಾಗುವುದು ಆ ಆವಿ. ಫಾಸ್ಫೇಟ್ ಲವಣ ಇದ್ದರೆ ಅದೇ ಸೆಲ್ಯುಲೋಸ್ ಆವಿಯಾಗುವ ಬದಲು ನೀರು ಕಳೆದುಕೊಂಡು ಇದ್ದಿಲಾಗುತ್ತದೆ. ಅಮೋನಿಯಂ ಲವಣಗಳು ಕಾದಾಗ ಉರಿಯದ ಅನಿಲ ಬಿಟ್ಟು ಆವಿಯನ್ನು ತೆಳುವಾಗಿಸುತ್ತವೆ. ಬಿಳಿಗಾರ ಕರಗಿ ಎಳೆಯ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಬಟ್ಟೆಯನ್ನು ಉರಿಸಲು ಗಾಳಿಯಲ್ಲಿ ಎಷ್ಟು ಆಮ್ಲಜನಕ ಬೇಕು ಎಂದು ಇಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಹತ್ತಿಗೆ ಶೇ. 18 ಸಾಕು, ಉಣ್ಣೆಗೆ ಸುಮಾರು ಶೇ. 25 ಬೇಕು. ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ. 21. ಹತ್ತಿ ಆ ಗೆರೆಯ ಕೆಳಗಿದೆ, ಉಣ್ಣೆ ಮೇಲಿದೆ. ಮೈಗೆ ಬೆಂಕಿ ಹತ್ತಿದವರನ್ನು ಕಂಬಳಿಯಲ್ಲಿ ಸುತ್ತಬೇಕೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರ ಹಿಂದೆ ಈ ಲೆಕ್ಕವಿದೆ. ಉಣ್ಣೆಯ ಧಾವಳಿಯನ್ನೋ ಪಟ್ಟೆಮಡಿಯನ್ನೋ ಉಟ್ಟು ಅಡುಗೆಗೆ ನಿಲ್ಲುವ ಪದ್ಧತಿ ಹುಟ್ಟಿದ್ದು ಮಡಿಗಾಗಿ, ಬೆಂಕಿಗೆ ಹೆದರಿ ಅಲ್ಲ. ಆದರೂ ತೆಳು ಹತ್ತಿಯ ಸೆರಗಿಗಿಂತ ಆ ಉಡುಗೆ ಒಲೆಯ ಮುಂದೆ ಎಷ್ಟೋ ಕ್ಷೇಮವಾಗಿತ್ತು. ತುಳುನಾಡಿನ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವದ ಪಾತ್ರಿ ತೆಂಗಿನ ಹಸಿ ತಿರಿಯನ್ನು ಸೊಂಟಕ್ಕೆ ದಟ್ಟವಾಗಿ ಕಟ್ಟಿಕೊಂಡು ಕೆಂಡದ ರಾಶಿಗೆ ಬೀಳುತ್ತಾನೆ. ತಿರಿಯೊಳಗಿನ ನೀರು ಆರುವ ತನಕ ಬೆಂಕಿ ಅದನ್ನು ಸುಲಭವಾಗಿ ಹಿಡಿಯಲಾರದು.

ಯುರೋಪಿನಲ್ಲಿ ಈ ಚಿಂತೆ ಶುರುವಾಗಿದ್ದು ನಾಟಕಶಾಲೆಯಲ್ಲಿ. 1638ರಲ್ಲಿಯೇ ಇಟಲಿಯ ನಿಕೋಲಾ ಸಬ್ಬತೀನಿ ರಂಗದ ಪರದೆಗಳ ಬಣ್ಣಕ್ಕೆ ಜೇಡಿಮಣ್ಣು, ಜಿಪ್ಸಮ್ ಬೆರೆಸಿ ಎಂದು ಸಲಹೆ ಕೊಟ್ಟಿದ್ದ. 1735ರಲ್ಲಿ ಇಂಗ್ಲೆಂಡಿನ ಒಬಡಾಯ ವೈಲ್ಡ್ ಪಟಿಕ, ಬಿಳಿಗಾರ, ಅನ್ನಭೇದಿಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಆಗ ಯುರೋಪಿಗೆ ಹೋಗುತ್ತಿದ್ದ ಬಿಳಿಗಾರ ಟಿಬೆಟ್, ಲಡಾಖ್‌ಗಳ ಸರೋವರದ ದಂಡೆಗಳಿಂದ ಇಳಿದು ಭಾರತದ ಬಂದರುಗಳ ಮೂಲಕ ಹಡಗೇರುತ್ತಿತ್ತು. 1821ರಲ್ಲಿ ಫ್ರಾನ್ಸಿನ ದೊರೆ 18ನೆಯ ಲೂಯಿಯ ಕೋರಿಕೆಯಂತೆ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ಈ ವಿಷಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಅಮೋನಿಯಂ ಫಾಸ್ಫೇಟ್, ನವಸಾಗರ, ಬಿಳಿಗಾರ ಇವುಗಳ ಮಿಶ್ರಣ ನಾರುಬಟ್ಟೆಯನ್ನು ಜ್ವಾಲೆಯಿಂದ ಕಾಯುತ್ತದೆ ಎಂದು ತೋರಿಸಿಕೊಟ್ಟರು. ಇಷ್ಟೆಲ್ಲ ನಡೆದದ್ದು ರಂಗದ ಪರದೆಗಾಗಿ. ಪರದೆಯ ಮುಂದೆ ಕುಣಿಯುತ್ತಿದ್ದ ಹುಡುಗಿಯ ಪಾವಡೆಯ ಬಗ್ಗೆ ಆಗ ಕೇಳಿದವರು ಕಡಿಮೆ.

ಆ ಪಾವಡೆ ತೆಳುವಾದ ಮಸ್ಲಿನ್ನಿನದು, ಜಾಲರಿಯಂಥ ಗಾಜ್ ಬಟ್ಟೆಯದು, ಪದರ ಪದರವಾಗಿ ಗಾಳಿ ತುಂಬಿಕೊಂಡದ್ದು. ರಂಗದ ಅಂಚಿನಲ್ಲಿ ಗ್ಯಾಸ್ ದೀಪಗಳ ತೆರೆದ ಜ್ವಾಲೆ. 1844ರ ಡಿಸೆಂಬರ್ 14ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಉಡುಪಿಗೆ ದೀಪ ತಗುಲಿತು. ಮೂರು ದಿನಗಳ ಮೇಲೆ ಆಕೆ ತೀರಿಕೊಂಡಳು. 1861ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ಕಾಂಟಿನೆಂಟಲ್ ಥಿಯೇಟರಿನಲ್ಲಿ ಗೇಲ್ ಸಹೋದರಿಯರಲ್ಲಿ ಒಬ್ಬಳ ಉಡುಪು ಹೊತ್ತಿಕೊಂಡಿತು. ಆರಿಸಲು ಓಡಿಬಂದ ಅಕ್ಕತಂಗಿಯರಿಗೂ ಗೆಳತಿಯರಿಗೂ ಅದೇ ಬೆಂಕಿ ಹಬ್ಬಿ ಕನಿಷ್ಠ ಆರು ಮಂದಿ ಸತ್ತರು. ಮನೆಗಳಲ್ಲಿ ಇಂಥ ಸಾವುಗಳು ಇನ್ನೂ ಹೆಚ್ಚು. ಅದೇ ವರ್ಷದ ಜುಲೈಯಲ್ಲಿ ಕವಿ ಲಾಂಗ್‌ಫೆಲೋನ ಹೆಂಡತಿ ಫ್ಯಾನಿ ತನ್ನ ಮನೆಯಲ್ಲೇ ಉಡುಪಿಗೆ ಬೆಂಕಿ ತಗುಲಿ ತೀರಿಕೊಂಡಳು. ಉಕ್ಕಿನ ಬಳೆಗಳ ಮೇಲೆ ಗೋಪುರದಂತೆ ಹರಡುವ ಕ್ರಿನೊಲಿನ್ ಪಾವಡೆ ಆಗಿನ ಬೆಡಗು. ಉಟ್ಟವಳಿಗೆ ಅಂಚು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ, ಒಳಗಿನ ಟೊಳ್ಳು ಚಿಮಣಿಯಾಗಿ ಗಾಳಿಯನ್ನು ಮೇಲಕ್ಕೆಳೆಯುತ್ತಿತ್ತು.

ಇದೇ ವರ್ಷಗಳಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರ್‌ಗೆ ಹತ್ತಿ ನಿಂತುಹೋಗಿ, ಮುಂಬಯಿ ಬಂದರಿನ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. 1861ರಿಂದ 1865ರವರೆಗಿನ ಆ ಹಣದಲ್ಲಿ ಈ ನಗರದ ಎಷ್ಟೋ ಭವ್ಯ ಕಟ್ಟಡಗಳು ಎದ್ದವು. ಹತ್ತಿ ಮುಂಬಯಿಗೆ ಕೊಟ್ಟದ್ದನ್ನು ಬರೆದವರು ಬಹಳ ಜನ. ಅದೇ ಹತ್ತಿ ಬಟ್ಟೆಯಾದ ಮೇಲೆ ಯಾರ ಮೈ ಸುಟ್ಟಿತು ಎಂಬುದನ್ನು ಆ ಇತಿಹಾಸದ ಜೊತೆಗಿಟ್ಟು ಓದಬೇಕೆಂಬುದು ನನ್ನ ಆಸೆ.

ಉಡುಪಿಗೆ ಬೆಂಕಿ ಹತ್ತಿ ಆಗುತ್ತಿದ್ದ ಇಂಥ ಸಾವುಗಳು ವಿಕ್ಟೋರಿಯಾ ರಾಣಿಗೆ ಮೊದಲೇ ತಟ್ಟಿದ್ದವು. ಫ್ರೆಡರಿಕ್ ವರ್ಸ್‌ಮನ್, ಆಲ್ಫೋನ್ಸ್ ಓಪನ್‌ಹೈಮ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಸುಮಾರು 40 ಲವಣಗಳನ್ನು ಒಂದೊಂದಾಗಿ ಬಟ್ಟೆಗೆ ಹಾಕಿ ಸುಟ್ಟು ನೋಡಿದರು. 1859ರ ಸೆಪ್ಟೆಂಬರಿನಲ್ಲಿ ಆಬರ್ಡೀನ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಫಲಿತಾಂಶವನ್ನು ಓದಿದರು. ಆ ವರ್ಷದ ಅಧ್ಯಕ್ಷ ರಾಣಿಯ ಗಂಡ ಆಲ್ಬರ್ಟ್. ಈ ಸಂಶೋಧನೆಯಲ್ಲಿ ನನಗೆ ತುಂಬ ಮೆಚ್ಚುಗೆಯಾಗುವ ಸಂಗತಿಯೆಂದರೆ, ಅವರು ಬರಿಯ ಬೆಂಕಿಯನ್ನು ಪರೀಕ್ಷಿಸಲಿಲ್ಲ, ಇಸ್ತ್ರಿಯನ್ನೂ ಪರೀಕ್ಷಿಸಿದರು. ಅಮೋನಿಯಂ ಸಲ್ಫೇಟ್ ಅಗ್ಗ, ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ತೊಂದರೆ ಕೊಡುತ್ತದೆ. ಬಿಳಿಗಾರ ಬಟ್ಟೆಯನ್ನು ಬಿರುಸಾಗಿಸುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡುವ ಬಟ್ಟೆಗೆ ಕೊನೆಗೆ ಅವರು ಆರಿಸಿದ್ದು ಸೋಡಿಯಂ ಟಂಗ್‌ಸ್ಟೇಟ್. ಅಗಸಗಿತ್ತಿಯ ಕೆಲಸ ಎಲ್ಲಿ ಕೆಡುತ್ತದೆ ಎಂದು ಯೋಚಿಸಿದ ವಿಜ್ಞಾನ ಅದು. ರಾಣಿಯ ಅರಮನೆಯ ಅಗಸರ ಮನೆಗೆ ಆ ಲವಣ ಹೋಯಿತು. ಬೆಂಕಿ ತಡೆಯುವ ಗಂಜಿ ಎಂಬ ಹೆಸರಿನಲ್ಲಿ ಪೊಟ್ಟಣಗಳೂ ಪೇಟೆಗೆ ಬಂದವು.

ಅಷ್ಟಕ್ಕೇ ನಿಂತಿತು. ಈ ಲವಣಗಳೆಲ್ಲ ನೀರಿನಲ್ಲಿ ಕರಗುವಂಥವು. ಒಂದು ಒಗೆತಕ್ಕೆ ರಕ್ಷಣೆ ಹೋಯಿತು, ಮತ್ತೆ ಅದ್ದಬೇಕು. ರಾಣಿಯ ಮನೆಯಲ್ಲಿ ಅದಕ್ಕೆಂದೇ ಕೈಗಳಿದ್ದವು, ಬಡವರ ಮನೆಯಲ್ಲಿ ಒಗೆಯುವವಳೂ ಬೇಯಿಸುವವಳೂ ಒಬ್ಬಳೇ. ಜೊತೆಗೆ ನೋಟದ ಪ್ರಶ್ನೆ. ಪ್ಯಾರಿಸ್ಸಿನಲ್ಲಿ ಕಾರ್ತೆರಾನ್ ಎಂಬಾತನ ವಿಧಾನದಿಂದ ರಂಗದ ಉಡುಪುಗಳನ್ನು ಸಂಸ್ಕರಿಸಬೇಕೆಂದು 1859ರಲ್ಲಿ ಆಜ್ಞೆಯೇ ಆಗಿತ್ತು. ಹಾಗೆ ಮಾಡಿದ ಬಟ್ಟೆ ಬಿರುಸಾಗುತ್ತದೆ, ಮಾಸಲಾಗಿ ಕಾಣುತ್ತದೆ ಎಂದು ನರ್ತಕಿಯರು ಒಲ್ಲೆಂದರು. ಒಪೆರಾದ ಮುಖ್ಯ ನರ್ತಕಿ ಎಮ್ಮಾ ಲಿವ್ರಿ ಮಾಮೂಲಿ ಪಾವಡೆಯಲ್ಲೇ ಕುಣಿಯುತ್ತೇನೆಂದು ಬರೆದುಕೊಟ್ಟಳು. 1862ರ ನವೆಂಬರ್ 15ರ ತಾಲೀಮಿನಲ್ಲಿ ಆ ಪಾವಡೆಗೆ ಗ್ಯಾಸ್ ದೀಪ ತಗುಲಿತು. ಎಂಟು ತಿಂಗಳು ನರಳಿ 1863ರ ಜುಲೈ 26ರಂದು, 20ರ ಪ್ರಾಯದಲ್ಲಿ, ಸತ್ತಳು. ಅವಳದೇ ಹಟ, ಅವಳದೇ ತಪ್ಪು ಎಂದು ಈ ಕಥೆಯನ್ನು ಹೇಳುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ನರ್ತಕಿಯ ಅನ್ನ ಅವಳು ಹಗುರವಾಗಿ ಕಾಣುವುದರಲ್ಲಿತ್ತು. ಭಾರವಾದ ಮಾಸಲು ಪಾವಡೆ ಉಟ್ಟರೆ ಮುಂದಿನ ಪಾತ್ರ ಸಿಗುತ್ತದೆಂಬ ಭರವಸೆ ಇರಲಿಲ್ಲ. ತೆರೆದ ಜ್ವಾಲೆಯ ಸುತ್ತ ತಂತಿಬಲೆ ಹಾಕಿಸುವ ಹೊಣೆ ರಂಗಮಂದಿರದ್ದು, ಇಪ್ಪತ್ತರ ಹುಡುಗಿಯದಲ್ಲ.

ಇತ್ತ ಮುಂಬಯಿಯಲ್ಲಿ ಕಾವಸ್‌ಜಿ ದಾವರ್ 1854ರಲ್ಲಿ ತಾಡದೇವದಲ್ಲಿ ಮೊದಲ ನೂಲಿನ ಗಿರಣಿ ಕಂಪನಿ ಕಟ್ಟಿದ. 1879ರಲ್ಲಿ ನವರೋಜಿ ವಾಡಿಯಾ ಬಾಂಬೆ ಡೈಯಿಂಗ್ ಶುರು ಮಾಡಿದ. ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗಾ ಬಡಾವಣೆಯನ್ನು ರೂಪಿಸುವ ವೇಳೆಗೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಉತ್ತರಕ್ಕೆ ಹಬ್ಬುತ್ತಿತ್ತು. ನಾಯಗಾಂವ್ ಕಡೆ ಸ್ಪ್ರಿಂಗ್ ಮಿಲ್, ದಾದರ್ ಪೂರ್ವದಲ್ಲಿ ಗೋಲ್ಡ್ ಮೊಹರ್, ಕೊಹಿನೂರ್, ಪರೇಲಿನತ್ತ ಟಾಟಾ ಮಿಲ್, ಪಶ್ಚಿಮದ ಕಡಲಂಚಿನಲ್ಲಿ ಇಂದೂ ಮಿಲ್. ಹತ್ತಿಯ ಧೂಳು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಗಿರಣಿಗೆ ಚೆನ್ನಾಗಿ ಗೊತ್ತಿತ್ತು. ಹಿಂಜುವ ಖಾತೆಯಲ್ಲಿ ಹತ್ತಿಯೊಳಗೆ ಸಿಕ್ಕ ಮೊಳೆಯೊಂದು ಯಂತ್ರಕ್ಕೆ ತಾಗಿ ಕಿಡಿಯೆದ್ದರೆ ಸಾಕು, ಬೆಂಕಿ. ನೇಯ್ದ ಬಟ್ಟೆಯನ್ನು ಗ್ಯಾಸಿನ ಜ್ವಾಲೆಯ ಮೇಲೆ ವೇಗವಾಗಿ ಓಡಿಸಿ ಮೇಲಿನ ಜುಂಗನ್ನು ಸುಡುವ ಕೆಲಸಕ್ಕೆ ಸಿಂಜಿಂಗ್ ಎನ್ನುತ್ತಾರೆ. ಜುಂಗು ಕ್ಷಣದಲ್ಲಿ ಉರಿದುಹೋಗುತ್ತದೆ, ಬಟ್ಟೆ ಉಳಿಯುತ್ತದೆ. ಇಷ್ಟು ತಿಳಿದ ಮಾಲೀಕರು ತಮ್ಮ ಆಸ್ತಿಯನ್ನು ಕಾಯಲು ತಡಮಾಡಲಿಲ್ಲ. 1870ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡು 1881ರಲ್ಲಿ ಗ್ರಿನೆಲ್ ಎಂಬಾತ ಸುಧಾರಿಸಿದ, ಬಿಸಿ ತಾಗಿದರೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಮ್ಯಾಂಚೆಸ್ಟರಿನ ಗಿರಣಿಗಳ ಹಾದಿಯಲ್ಲೇ ಇಲ್ಲಿಗೂ ಬಂತು. 1881ರ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ದುಡಿಮೆಗೆ ಮಿತಿ ಹಾಕಿತು, ಯಂತ್ರಗಳಿಗೆ ಬೇಲಿ ಕೇಳಿತು. ಗಿರಣಿಯ ಬಾಗಿಲು ದಾಟಿದ ಬಟ್ಟೆ ಯಾರ ಮೈಮೇಲೆ ಹೇಗೆ ಉರಿಯುತ್ತದೆ ಎಂಬುದು ಯಾವ ಕಾಯ್ದೆಯ ವಿಷಯವೂ ಆಗಲಿಲ್ಲ.

ಸಿಂಜಿಂಗಿನಲ್ಲಿ ಸುಟ್ಟು ತೆಗೆಯುವ ಆ ಜುಂಗನ್ನೇ ಬೇಕೆಂದು ಎಬ್ಬಿಸಿದ ಬಟ್ಟೆ ಫ್ಲಾನಲೆಟ್. ಹತ್ತಿಯ ಮೇಲ್ಮೈಯನ್ನು ಕೆರೆದು ಉಣ್ಣೆಯಂತೆ ಮೃದುವಾಗಿಸಿದ ಅಗ್ಗದ ಬಟ್ಟೆ. ಉಣ್ಣೆ ಕೊಳ್ಳಲಾಗದ ಇಂಗ್ಲಿಷ್ ತಾಯಂದಿರು ಮಕ್ಕಳ ರಾತ್ರಿ ಉಡುಪಿಗೆ ಇದನ್ನೇ ಹೊಲಿದರು, ಮತ್ತು ಅಗ್ಗಿಷ್ಟಿಕೆಯ ಮುಂದೆ ಮಕ್ಕಳು ಸಾಯತೊಡಗಿದರು. ಇಲ್ಲಿಂದ ಕಥೆಗೆ ತಿರುವು ಸಿಗುತ್ತದೆ. ಮ್ಯಾಂಚೆಸ್ಟರಿನ ವಿಪ್ ಬ್ರದರ್ಸ್ ಅಂಡ್ ಟಾಡ್ ಎಂಬ ಕಂಪನಿಗಾಗಿ ಪ್ರಾಧ್ಯಾಪಕ ವಿಲಿಯಂ ಹೆನ್ರಿ ಪರ್ಕಿನ್, ಮಾವ್ ಬಣ್ಣ ಕಂಡುಹಿಡಿದ ಪರ್ಕಿನ್‌ನ ಮಗ, ವರ್ಷಗಟ್ಟಲೆ ಪ್ರಯೋಗ ಮಾಡಿದರು. ಬಟ್ಟೆಯನ್ನು ಮೊದಲು ಸೋಡಿಯಂ ಸ್ಟ್ಯಾನೇಟ್‌ನಲ್ಲಿ, ಆಮೇಲೆ ಅಮೋನಿಯಂ ಸಲ್ಫೇಟ್‌ನಲ್ಲಿ ಅದ್ದಿದರೆ ತವರದ ಆಕ್ಸೈಡ್ ಎಳೆಯೊಳಗೇ ಕೂತುಬಿಡುತ್ತದೆ, ಸಾಬೂನಿನ ಒಗೆತಕ್ಕೆ ಹೋಗುವುದಿಲ್ಲ. ಉಡುಪಿಗೆಂದೇ, ಒಗೆತವನ್ನು ಎದುರಿಗಿಟ್ಟುಕೊಂಡು ಮಾಡಿದ ಮೊದಲ ಗಟ್ಟಿ ಉತ್ತರ ಇದು. 1912ರಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಇದನ್ನು ವಿವರಿಸಿದರು. ಇಂಗ್ಲೆಂಡಿನ 1908ರ ಮಕ್ಕಳ ಕಾಯ್ದೆ ಅಗ್ಗಿಷ್ಟಿಕೆಗೆ ತಡೆ ಹಾಕದೆ ಮಗು ಸುಟ್ಟರೆ ಹಿರಿಯರನ್ನು ಹೊಣೆ ಮಾಡಿತ್ತು. 1913ರ ಇನ್ನೊಂದು ಕಾಯ್ದೆ, ಉರಿಯುವುದಿಲ್ಲ ಎಂದು ಸುಳ್ಳು ಹೇಳಿ ಬಟ್ಟೆ ಮಾರುವುದನ್ನು ಅಪರಾಧ ಮಾಡಿತು. ಆದರೂ ಸಂಸ್ಕರಿಸಿದ ಬಟ್ಟೆಯ ಬೆಲೆ ಸಾದಾ ಫ್ಲಾನಲೆಟ್‌ಗಿಂತ ಹೆಚ್ಚು. ಅಗ್ಗವೆಂದು ಫ್ಲಾನಲೆಟ್ ಕೊಳ್ಳುವವರಿಗೇ ಅದು ಬೇಕಿತ್ತು, ಅವರಿಗೇ ಅದು ಎಟುಕಲಿಲ್ಲ.

ಡೇರೆಯ ಕಥೆಯೂ ಸುಖದ್ದಲ್ಲ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆ ಹೊತ್ತಿ 160ಕ್ಕೂ ಹೆಚ್ಚು ಜನ ಸತ್ತರು. ಮಳೆ ಸೋರದಿರಲೆಂದು ಅದಕ್ಕೆ ಪೆಟ್ರೋಲಿನಲ್ಲಿ ಕರಗಿಸಿದ ಮೇಣ ಬಳಿದಿದ್ದರು. ನಮ್ಮಲ್ಲಿ 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ, ಗೋಡೆಗಳಿಗೆ ಗೋಣಿತಾಟು ಹೊದಿಸಿದ್ದ ಸಭಾಂಗಣ ಉರಿದು 62 ಜೀವ ಹೋಯಿತು. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಸಮಾರಂಭದ ಸಿಂಥೆಟಿಕ್ ಶಾಮಿಯಾನ ಹೊತ್ತಿ 400ಕ್ಕೂ ಹೆಚ್ಚು ಜನ ಸತ್ತರು. ತಾತ್ಕಾಲಿಕ ಪೆಂಡಾಲುಗಳಿಗೆ ಐಎಸ್ 8758 ಎಂಬ ಭಾರತೀಯ ಮಾನಕವಿದೆ. ಬಟ್ಟೆಯನ್ನು ಸಂಸ್ಕರಿಸಿ, ಸಿಂಥೆಟಿಕ್ ಬಳಸಬೇಡಿ ಎನ್ನುವುದೇ ಎಲ್ಲೆಡೆಯ ಸೂಚನೆ. ಆದರೆ ಮುಂಬಯಿಯ ಗಣೇಶೋತ್ಸವ ಬರುವುದು ಮಳೆಗಾಲದ ಕೊನೆಯಲ್ಲಿ. ನೀರಿನಲ್ಲಿ ಕರಗುವ ಲವಣ ಹಾಕಿದ ಬಟ್ಟೆಯ ಮೇಲೆ ಒಂದು ರಾತ್ರಿ ಜಡಿಮಳೆ ಸುರಿದರೆ ರಕ್ಷಣೆ ಚರಂಡಿಗೆ ಹೋಗುತ್ತದೆ. ಮಳೆಯ ನಂತರ ಮತ್ತೆ ಪರೀಕ್ಷೆಯಾಗದಿದ್ದರೆ ಮೊದಲು ಪಡೆದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. 2016ರ ಫೆಬ್ರವರಿ 14ರಂದು ಗಿರಗಾಂವ್ ಚೌಪಾಟಿಯಲ್ಲಿ ಸರ್ಕಾರಿ ಸಮಾರಂಭದ ರಂಗಮಂಚವೇ ಲಾವಣಿ ನೃತ್ಯದ ನಡುವೆ ಹೊತ್ತಿ ಉರಿಯಿತು. ಜೀವಹಾನಿ ಆಗಲಿಲ್ಲ. ಆ ನರ್ತಕಿಯರ ಪಕ್ಕದಲ್ಲಿ ಎಮ್ಮಾ ಲಿವ್ರಿಯನ್ನು ನಿಲ್ಲಿಸಿ ನೋಡಿದರೆ 154 ವರ್ಷಗಳ ದೂರ ಕಿರಿದಾಗುತ್ತದೆ.

ಇನ್ನು ಅಡುಗೆಮನೆ. 2009ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು ಎಂದು ಅಂದಾಜಿಸಿತು. ಅವರಲ್ಲಿ ಸುಮಾರು 1,06,000 ಹೆಂಗಸರು, ಬಹುಪಾಲು 15ರಿಂದ 34ರ ವಯಸ್ಸಿನವರು. ವಿಕ್ಟೋರಿಯಾ ಯುಗದ ಯಾವ ಲೆಕ್ಕವೂ ಇದರ ಹತ್ತಿರ ಬರಲಾರದು. ಇವುಗಳಲ್ಲಿ ಕೊಲೆಗಳಿವೆ, ಆತ್ಮಹತ್ಯೆಗಳಿವೆ. 1983 ಮತ್ತು 1986ರಲ್ಲಿ ದಂಡಸಂಹಿತೆಗೆ 498-ಎ, 304-ಬಿ ಕಲಮುಗಳು ಸೇರಿದ್ದು ಸ್ಟವ್ ಸಿಡಿಯಿತು ಎಂಬ ಮಾತಿನ ಹಿಂದೆ ಅಡಗಿದ್ದ ವರದಕ್ಷಿಣೆ ಸಾವುಗಳಿಗಾಗಿಯೂ ಹೌದು. ಸೀಮೆಎಣ್ಣೆ ಸುರಿದು ಕಡ್ಡಿ ಗೀರುವ ಕೈಯನ್ನು ಯಾವ ಲವಣವೂ ತಡೆಯಲಾರದು. ಆದರೆ ನಿಜವಾದ ಅಪಘಾತಗಳೂ ಅಷ್ಟೇ ಸತ್ಯ. ಹತ್ತಡಿ ಕೋಣೆಯ ಚಾಳಿನ ಮನೆ, ನೆಲದ ಮೇಲೆ ಪಂಪ್ ಸ್ಟವ್, ಅದರ ಪಕ್ಕದಲ್ಲೇ ಮಲಗಿದ ಮಗು, ಬಗ್ಗಿ ಪಾತ್ರೆ ಇಳಿಸುವಾಗ ಜಾರುವ ಸೆರಗು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಂಬ ತಾಯಂದಿರ ಒಂದೇ ಮಾತು ಆ ಕೋಣೆಗಳಿಗೆ ಸಿಕ್ಕ ಸುರಕ್ಷತಾ ನಿಯಮ.

ಬಟ್ಟೆಯೂ ಅಷ್ಟರಲ್ಲಿ ಬದಲಾಗಿತ್ತು. 1960–70ರ ದಶಕಗಳಲ್ಲಿ ನೈಲಾನ್ ಸೀರೆ, ಪಾಲಿಯೆಸ್ಟರ್, ಟೆರಿಕಾಟ್ ಬಂದವು. ಒಗೆಯಲು ಸುಲಭ, ಇಸ್ತ್ರಿ ಬೇಡ, ವರ್ಷಗಟ್ಟಲೆ ಬಾಳಿಕೆ. ದುಡಿಯುವ ಹೆಂಗಸಿಗೆ ಅದು ನಿಜವಾದ ಉಪಕಾರ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಈ ಎಳೆಗಳು ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ, ಗಾಯ ಆಳವಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಇನ್ನೂ ಕೆಡುಕು: ಕರಗಿದ ಪಾಲಿಯೆಸ್ಟರನ್ನು ಕೆಳಗೆ ತೊಟ್ಟಿಕ್ಕಲು ಬಿಡದೆ ಹತ್ತಿಯ ಎಳೆ ದೀಪದ ಬತ್ತಿಯಂತೆ ಹಿಡಿದು ಉರಿಸುತ್ತದೆ. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದ ನಂತರ ದಾದರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 2005ರಲ್ಲಿ ಕೊಹಿನೂರ್‌ನ ಒಂದು ಜಾಗ 421 ಕೋಟಿ ರೂಪಾಯಿಗೆ ಹರಾಜಾಯಿತು. ಬಟ್ಟೆಯ ವ್ಯಾಪಾರವಾದರೋ ಹಿಂದ್‌ಮಾತಾ ಮಾರುಕಟ್ಟೆಯಲ್ಲಿ ಉಳಿದುಕೊಂಡಿತು, ಈಗ ಅಲ್ಲಿ ಸಿಂಥೆಟಿಕ್ಕಿನದೇ ದರ್ಬಾರು.

ರಸಾಯನಶಾಸ್ತ್ರ ಈ ನಡುವೆ ಸುಮ್ಮನೆ ಕೂತಿರಲಿಲ್ಲ. 1950ರ ದಶಕದಿಂದ ರಂಜಕದ ಸಂಯುಕ್ತಗಳನ್ನು ಹತ್ತಿಯೊಳಗೇ ಕಟ್ಟಿಬಿಡುವ ಪ್ರೊಬಾನ್‌ನಂಥ ವಿಧಾನಗಳು ಬಂದವು. ವೆಲ್ಡರುಗಳು, ತೈಲ ಶುದ್ಧೀಕರಣಾಗಾರದ ಕೆಲಸಗಾರರು ಇಂದು ತೊಡುವ ಉಡುಪುಗಳಲ್ಲಿ ಇಂಥವು ಇವೆ, ಒಗೆತವನ್ನು ತಾಳುತ್ತವೆ. 1960ರ ದಶಕದಲ್ಲಿ ಎಳೆಯೇ ಬೆಂಕಿ ಹಿಡಿಯದ ನೋಮೆಕ್ಸ್ ಬಂತು. ಮನೆಯ ಉಡುಪಿನಲ್ಲಿ ಮಾತ್ರ ದೊಡ್ಡ ಎಡವಟ್ಟಾಯಿತು. ಅಮೆರಿಕ 1970ರ ದಶಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಕಟ್ಟುನಿಟ್ಟಿನ ಪರೀಕ್ಷೆ ತಂದಾಗ ತಯಾರಕರು ಟ್ರಿಸ್ ಎಂಬ ಬ್ರೋಮಿನ್ ಸಂಯುಕ್ತ ಬಳಸಿದರು. ಅದು ವಂಶವಾಹಿಗಳನ್ನು ಕೆಡಿಸುತ್ತದೆಂದು ವಿಜ್ಞಾನಿಗಳಾದ ಆರ್ಲೀನ್ ಬ್ಲಮ್, ಬ್ರೂಸ್ ಏಮ್ಸ್ ತೋರಿಸಿದ ಮೇಲೆ 1977ರಲ್ಲಿ ನಿಷೇಧವಾಯಿತು. ಬೆಂಕಿಯಿಂದ ಉಳಿಸಲು ಹೊರಟದ್ದು ಮಗುವಿನ ಮೈಗೆ ವಿಷ ಹಚ್ಚಿತ್ತು. ಹಾಗಾಗಿ ಎಲ್ಲ ಬಟ್ಟೆಗೂ ರಾಸಾಯನಿಕ ಹಚ್ಚಿ ಎಂಬ ವಾದವನ್ನು ನಾನು ಒಪ್ಪಲಾರೆ.

ದಾದರ್‌ನಿಂದ ನಡೆದುಹೋಗುವಷ್ಟು ಹತ್ತಿರದ ಮಾಟುಂಗಾದಲ್ಲಿ ಇದಕ್ಕೆ ಬೇರೆ ದಾರಿ ಹುಡುಕುವ ಕೆಲಸ ನಡೆದಿದೆ. 1924ರಲ್ಲಿ ಅಡೆನ್‌ವಾಲಾ ರಸ್ತೆಯಲ್ಲಿ ಶುರುವಾದ ಹತ್ತಿ ತಂತ್ರಜ್ಞಾನ ಪ್ರಯೋಗಾಲಯ ಇಂದು ಸಿರ್‌ಕಾಟ್ ಎಂದು ಹೆಸರಾಗಿದೆ. ಬಾಳೆದಿಂಡಿನ ರಸವನ್ನು ಕ್ಷಾರದೊಡನೆ ಹತ್ತಿಗೆ ಹಾಕಿದರೆ ಉರಿಯಲು ಬೇಕಾದ ಆಮ್ಲಜನಕ ಶೇ. 18ರಿಂದ 30ಕ್ಕೆ ಏರುತ್ತದೆಂದು ಅಲ್ಲಿನ ವಿಜ್ಞಾನಿಗಳು ಕಳೆದ ದಶಕದಲ್ಲಿ ತೋರಿಸಿದರು. ರಸದಲ್ಲಿರುವ ಖನಿಜ ಲವಣಗಳ ಗುಣವದು. ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುವ ದಿಂಡು ಇಷ್ಟು ಕೊಡಬಲ್ಲದೆಂಬುದು ಸಂತೋಷದ ಸುದ್ದಿ. ಪರದೆ, ಪೆಂಡಾಲು, ಆಸ್ಪತ್ರೆಯ ವಸ್ತ್ರಗಳಿಗೆ ಇದು ಒದಗಬಹುದು. ಸೀರೆಗೆ, ಮಗುವಿನ ಅಂಗಿಗೆ ಬಂದಾಗ ವರ್ಸ್‌ಮನ್, ಓಪನ್‌ಹೈಮ್ ಎದುರಿಸಿದ ಒಗೆತದ ಪ್ರಶ್ನೆಯನ್ನು ಇದೂ ಎದುರಿಸಬೇಕು.

ಇಂಗ್ಲೆಂಡಿನಲ್ಲಿ ಉಡುಪಿನ ಬೆಂಕಿ ತಗ್ಗಿದ್ದು ಕ್ರಿನೊಲಿನ್ ಹೋಗಿ, ಅಗ್ಗಿಷ್ಟಿಕೆಗೆ ತಡೆ ಬಂದು, ವಿದ್ಯುತ್ ದೀಪ ಬಂದ ಮೇಲೆ. ಲವಣಗಳ ಪಾಲು ಸಣ್ಣದು. ನಮ್ಮಲ್ಲೂ ಸೀಮೆಎಣ್ಣೆ ಸ್ಟವ್ ಹೋಗಿ ಗ್ಯಾಸ್ ಬಂದದ್ದು, ಒಲೆ ನೆಲದಿಂದ ಕಟ್ಟೆಗೆ ಏರಿದ್ದು ಯಾವ ದ್ರಾವಣಕ್ಕಿಂತಲೂ ಹೆಚ್ಚು ಹೆಂಗಸರನ್ನು ಉಳಿಸಿದೆ ಎಂದು ನಾನು ನಂಬುತ್ತೇನೆ. ಆದ್ದರಿಂದ ಉಡುಪಿನ ವಿಷಯದಲ್ಲಿ ನಾನು ಕೇಳುವುದು ಚಿಕ್ಕದು. ಬ್ರಿಟನ್ನಿನ 1985ರ ನಿಯಮದಂತೆ ಮಕ್ಕಳ ರಾತ್ರಿ ಉಡುಪು ಬೆಂಕಿಯ ಪರೀಕ್ಷೆಯಲ್ಲಿ ಪಾಸಾಗಬೇಕು, ದೊಡ್ಡವರದಕ್ಕೆ ಚೀಟಿ ಇರಬೇಕು. ನಮ್ಮ ಮಾನಕ ಸಂಸ್ಥೆ ಬೆಂಕಿ ನಂದಿಸುವವರ ಉಡುಪಿಗೆ ಮಾನಕ ಬರೆದಿದೆ. ನೈಟಿಗೆ, ಮಕ್ಕಳ ಫ್ರಾಕಿಗೆ ಅಂಥದ್ದು ಕಡ್ಡಾಯವಾಗಿಲ್ಲ. ಹಿಂದ್‌ಮಾತಾದಲ್ಲಿ ಸಗಟಿಗೆ ಮಾರುವ ನೈಟಿಯ ಒಳಹೊಲಿಗೆಯಲ್ಲಿ, ಇದು ಪಾಲಿಯೆಸ್ಟರ್, ಒಲೆಯ ಹತ್ತಿರ ಉಡಬೇಡಿ ಎಂದು ಮರಾಠಿ, ಹಿಂದಿ, ಕನ್ನಡಗಳಲ್ಲಿ ಒಂದು ಸಾಲು ಅಚ್ಚು ಹಾಕಲು ಹೊಸ ಸಂಶೋಧನೆ ಏನೂ ಬೇಕಿಲ್ಲ, ಖರ್ಚೂ ಕೆಲವೇ ಪೈಸೆ. ಮಕ್ಕಳ ಉಡುಪಿನಿಂದ ಅದನ್ನು ಮೊದಲು ಶುರು ಮಾಡಬಹುದು.